ಅವ್ವನ ಕೆಳಗಿನ ಮುಂದಿನ ಹಲ್ಲು ತೆಗೆಸಬೇಕಾ? ಓಪಿಜಿ ಒಂದು ಹೇಳುತ್ತದೆ, ಆರ್‌ವಿಜಿ ಇನ್ನೊಂದು

ಜೋಳದರೊಟ್ಟಿ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಅವ್ವನಿಗೆ 62 ವರ್ಷ. ಶುಗರ್ ಇದೆ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) ಹೋದ ಸಲ 8.4 ಬಂದಿತ್ತು. ಎಲೆ-ಅಡಿಕೆ ಬಿಟ್ಟಿಲ್ಲ. ಕೆಳಗಿನ ಮುಂದಿನ ಹಲ್ಲು ಅಲ್ಲಾಡುತ್ತಿವೆ. ಕಟಕ್ ರೊಟ್ಟಿ ಅಂತೂ ದೂರದ ಮಾತು, ಬಿಸಿ ರೊಟ್ಟಿಯನ್ನೂ ಹಾಲಲ್ಲಿ ನೆನೆಸಿ ತಿನ್ನುತ್ತಾಳೆ.

ಒಬ್ಬ ಡಾಕ್ಟರು ಓಪಿಜಿ (ಇಡೀ ಬಾಯಿಯ ಎಕ್ಸ್‌ರೇ) ತೆಗೆಸಿದರು. "ಎಲುಬು ಪೂರ್ತಿ ಕರಗಿದೆ, ಕೆಳಗಿನ ಆರೂ ಹಲ್ಲು ತೆಗೆದು ಸೆಟ್ ಕೂಡಿಸೋಣ" ಎಂದರು. ಮನಸ್ಸು ಒಪ್ಪಲಿಲ್ಲ. ಇನ್ನೊಬ್ಬರ ಹತ್ತಿರ ಹೋದೆವು. ಅವರು ಓಪಿಜಿ ಪಕ್ಕಕ್ಕಿಟ್ಟು, ಎರಡು ಮೂರು ಹಲ್ಲಿನ ಸಣ್ಣ ಎಕ್ಸ್‌ರೇ ಆದ ಆರ್‌ವಿಜಿ ತೆಗೆದರು. "ನಾಲ್ಕು ಉಳಿಯಬಹುದು. ಎರಡರ ಬಗ್ಗೆ ಈಗಲೇ ಹೇಳಲಾರೆ" ಎಂದರು.

ಇಬ್ಬರೂ ಫೋಟೋ ನೋಡಿಯೇ ಹೇಳಿದ್ದು. ಬಾಯಿ ಒಂದೇ, ಮಾತು ಎರಡು ಹೇಗೆ? ಯಾರನ್ನು ನಂಬಲಿ?

ತೊಗರಿಹೊಲ (ಸೇಡಂ)

ಇದರಲ್ಲಿ ತಿಳಿಯದೆ ಇರೋದೇನಿದೆ ರೀ. ಸೆಟ್ ಕೂಡಿಸಿದರೆ ದುಡ್ಡು ಜಾಸ್ತಿ.

ವಸಡಿನ_ವೈದ್ಯೆ (ಕಲಬುರಗಿ)

ದುಡ್ಡಿನ ಮಾತು ಬಿಡಿ. ಎರಡು ಫೋಟೋ ಬೇರೆ ಬೇರೆ ಕಾಣಲು ಯಾರೂ ಸುಳ್ಳು ಹೇಳಬೇಕಾಗಿಲ್ಲ. ನಾನು ವಸಡಿನ ವಿಭಾಗದಲ್ಲಿ ಕೆಲಸ ಮಾಡುವವಳು, ಇಂಥ ಜಗಳ ದಿನಾ ನೋಡುತ್ತೇನೆ.

ಓಪಿಜಿಯಲ್ಲಿ ಮಷೀನು ತಲೆಯ ಸುತ್ತ ತಿರುಗುತ್ತದೆ. ದವಡೆಯ ಆಕಾರದ ಒಂದು ಪಟ್ಟಿಯೊಳಗೆ ಏನಿದೆಯೋ ಅದು ಮಾತ್ರ ಸ್ಪಷ್ಟ. ಉಳಿದದ್ದು ಮಸುಕು. ಮುಂದಿನ ಹಲ್ಲಿನ ಹತ್ತಿರ ಆ ಪಟ್ಟಿ ಬಹಳ ಸಣ್ಣದು. ಗದ್ದ ಸ್ವಲ್ಪ ಹಿಂದೆ-ಮುಂದೆ ಆದರೂ ಹಲ್ಲಿನ ಬೇರು ಕಾಣದ ಹಾಗಾಗುತ್ತದೆ. ಜೊತೆಗೆ ಕುತ್ತಿಗೆ ಎಲುಬಿನ ನೆರಳು ಸರಿಯಾಗಿ ಅದೇ ಜಾಗದ ಮೇಲೆ ಬೀಳುತ್ತದೆ. ವಯಸ್ಸಾದವರು ಕುತ್ತಿಗೆ ಬಾಗಿಸಿ ನಿಂತರೆ ಇನ್ನೂ ಜಾಸ್ತಿ. ಇದರ ಮೇಲೆ ಚಿತ್ರ ಶೇ. 20ರಿಂದ 30ರಷ್ಟು ದೊಡ್ಡದಾಗಿ ಬರುತ್ತದೆ. ಅದೂ ಎಲ್ಲ ಕಡೆ ಒಂದೇ ಅಳತೆಯಲ್ಲಿ ಅಲ್ಲ. ಹಾಗಾಗಿ ಅದರ ಮೇಲೆ ಸ್ಕೇಲ್ ಇಟ್ಟು ಮಿಲಿಮೀಟರ್ ಅಳೆಯುವುದು ಸರಿಯಲ್ಲ.

ಓಪಿಜಿ ಕೆಲಸಕ್ಕೆ ಬಾರದ್ದು ಎಂದು ನಾನು ಹೇಳುತ್ತಿಲ್ಲ. ಇಡೀ ಬಾಯಿ ಒಂದು ನೋಟಕ್ಕೆ ಸಿಗುತ್ತದೆ. ಒಳಗೆ ಹೂತ ಹಲ್ಲು, ಗಡ್ಡೆ, ದವಡೆಯ ಮುರಿತ ಎಲ್ಲ ಅದರಲ್ಲಿ ಚೆನ್ನಾಗಿ ಕಾಣುತ್ತವೆ. ಕೆಳಗಿನ ಮುಂದಿನ ಆರು ಹಲ್ಲು ತೆಗೆಯಬೇಕೋ ಬೇಡವೋ ಎನ್ನುವುದನ್ನು ಮಾತ್ರ ಅದೊಂದರಿಂದ ತೀರ್ಮಾನ ಮಾಡಬಾರದು.

ಆರ್‌ವಿಜಿಯಲ್ಲಿ ಬಾಯೊಳಗೆ ಸಣ್ಣ ಸೆನ್ಸರ್ ಇಟ್ಟು ಎರಡು ಮೂರು ಹಲ್ಲನ್ನು ಹತ್ತಿರದಿಂದ ತೆಗೆಯುತ್ತಾರೆ. ಹಲ್ಲಿನ ಹೊಳೆಯುವ ಎನಾಮಲ್ ಎಲ್ಲಿ ಮುಗಿಯುತ್ತದೆ ಎನ್ನುವುದು ಅದರಲ್ಲಿ ಕಾಣುತ್ತದೆ. ಅಲ್ಲಿಂದ ಎಲುಬಿನ ಅಂಚಿನವರೆಗೆ 1ರಿಂದ 2 ಮಿಮೀ ಅಂತರ ಇದ್ದರೆ ಆರೋಗ್ಯದ ಲೆಕ್ಕ. ಅದಕ್ಕಿಂತ ಕೆಳಗೆ ಇಳಿದಿದ್ದರೆ ಅಷ್ಟು ಎಲುಬು ಹೋಗಿದೆ ಎಂದರ್ಥ.

ಆ ಇಳಿತ ಎರಡು ಥರ. ಸಾಲು ಹಲ್ಲುಗಳ ಪಕ್ಕ ಸಮವಾಗಿ ಇಳಿದಿರಬಹುದು. ಇಲ್ಲವೇ ಒಂದೇ ಹಲ್ಲಿನ ಪಕ್ಕ ಓರೆಯಾಗಿ ಗುಂಡಿ ಬಿದ್ದಿರಬಹುದು. ವಿಚಿತ್ರ ಎಂದರೆ, ನೋಡಲು ಭಯ ಹುಟ್ಟಿಸುವ ಆ ಗುಂಡಿಯಲ್ಲೇ ಆಪರೇಷನ್ ಮಾಡಿ ಒಂದಿಷ್ಟು ಎಲುಬು ಮತ್ತೆ ತುಂಬಿಸಲು ಅವಕಾಶ ಜಾಸ್ತಿ. ಸಮವಾಗಿ ಇಳಿದದ್ದನ್ನು ಮೇಲೆ ತರುವುದು ಬಹಳ ಕಷ್ಟ. ಅಲ್ಲಿಗೇ ನಿಲ್ಲಿಸಬಹುದು.

ಜೋಳದರೊಟ್ಟಿ ಅಕ್ಕಾ, ಒಂದು ಪ್ರಶ್ನೆ. ಇಬ್ಬರಲ್ಲಿ ಯಾರಾದರೂ ಹಲ್ಲಿನ ಸುತ್ತ ಸಣ್ಣ ಕಡ್ಡಿ ಇಳಿಸಿ ಅಳೆದರಾ?

ಜೋಳದರೊಟ್ಟಿ

ಮೊದಲಿನವರು ಇಲ್ಲ ಮೇಡಂ. ಕನ್ನಡಿ ಹಿಡಿದು ನೋಡಿದರು, ಬೆರಳಿಂದ ಅಲ್ಲಾಡಿಸಿದರು, ಅಷ್ಟೇ. ಎರಡನೆಯವರು "ಮುಂದಿನ ವಾರ ಪೂರ್ತಿ ಚಾರ್ಟ್ ಮಾಡೋಣ" ಎಂದಿದ್ದಾರೆ. ಅದೇನು ಚಾರ್ಟ್?

ವಸಡಿನ_ವೈದ್ಯೆ

ಅದೇ ಬೇಕಾಗಿರುವುದು. ಪ್ರೋಬ್ ಎನ್ನುತ್ತೇವೆ. ತುದಿ ಮೊಂಡಾದ ಕಡ್ಡಿ, ಮೇಲೆ ಮಿಲಿಮೀಟರ್ ಗುರುತು. ಒಂದೊಂದು ಹಲ್ಲಿಗೆ ಆರು ಜಾಗದಲ್ಲಿ, ಹಲ್ಲು ಮತ್ತು ವಸಡಿನ ನಡುವೆ ಮೆಲ್ಲಗೆ ಇಳಿಸಿ ಆಳ ನೋಡುತ್ತೇವೆ. 1ರಿಂದ 3 ಮಿಮೀ ಸಾಮಾನ್ಯ. ಅದಕ್ಕೂ ಆಳ ಇದ್ದು, ಮುಟ್ಟಿದರೆ ರಕ್ತ ಬರುತ್ತಿದ್ದರೆ ಕಾಯಿಲೆ ಈಗಲೂ ನಡೆದಿದೆ ಎಂದು ಅನುಮಾನ ಪಡಬೇಕು.

ಫೋಟೋ ಇದನ್ನು ಹೇಳುವುದಿಲ್ಲ. ಎಲುಬು ಎಷ್ಟು ಹೋಗಿದೆ ಎಂದು ಹೇಳುತ್ತದೆ, ಯಾವಾಗ ಹೋಯಿತು ಎಂದು ಹೇಳುವುದಿಲ್ಲ. ಹತ್ತು ವರ್ಷದ ಹಿಂದೆ ಕರಗಿ ಅಲ್ಲೇ ನಿಂತಿರಬಹುದು. ಹೋದ ತಿಂಗಳು ಶುರುವಾದದ್ದೂ ಇರಬಹುದು. ಎರಡೂ ಪರದೆಯ ಮೇಲೆ ಒಂದೇ ಥರ ಕಾಣುತ್ತವೆ.

ಇನ್ನೂ ಇದೆ. ಎಲುಬಿನ ಸುಣ್ಣದ ಅಂಶ ಶೇ. 30ರಿಂದ 50ರಷ್ಟು ಹೋಗುವವರೆಗೆ ಮಾಮೂಲಿ ಎಕ್ಸ್‌ರೇಯಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಕಷ್ಟ. ತುಟಿ ಕಡೆಯ ಎಲುಬು, ನಾಲಿಗೆ ಕಡೆಯ ಎಲುಬು ಎರಡೂ ಹಲ್ಲಿನ ನೆರಳಲ್ಲಿ ಮುಚ್ಚಿಹೋಗುತ್ತವೆ. ನಮಗೆ ಕಾಣುವುದು ಹಲ್ಲು-ಹಲ್ಲಿನ ನಡುವಿನ ಎಲುಬು. "ಎಕ್ಸ್‌ರೇ ಕ್ಲಿಯರ್ ಇದೆ" ಎಂದು ನೆಮ್ಮದಿಯಾಗಿ ಮನೆಗೆ ಹೋದವರ ಬಾಯಲ್ಲಿ ಆಳ ಪಾಕೆಟ್ (ಹಲ್ಲು-ವಸಡಿನ ನಡುವಿನ ಸಂದು) ಸಿಗುವುದು ಹೀಗೆ.

ತೊಗರಿಹೊಲ

ಹಂಗಾದರೆ ಫೋಟೋ ಯಾಕೆ ಬೇಕು? ಕಡ್ಡಿಯೇ ಸಾಕಲ್ಲ. ಪುಕ್ಸಟ್ಟೆ ಮುಗಿಯುತ್ತದೆ.

ವಸಡಿನ_ವೈದ್ಯೆ

ಒಳ್ಳೆಯ ಪ್ರಶ್ನೆ ಅಣ್ಣಾ, ತಮಾಷೆಗೆ ಕೇಳಿದ್ದರೂ.

ಕಡ್ಡಿ 7 ಮಿಮೀ ಇಳಿಯಿತು ಎಂದುಕೊಳ್ಳಿ. ಬೇರಿನ ಉದ್ದ ಎಷ್ಟು? 10 ಮಿಮೀ ಬೇರಿಗೂ 16 ಮಿಮೀ ಬೇರಿಗೂ ಆ 7ರ ಅರ್ಥ ಒಂದೇ ಅಲ್ಲ. ಇನ್ನೆಷ್ಟು ಬೇರು ಎಲುಬಿನೊಳಗೆ ಹಿಡಿದು ನಿಂತಿದೆ ಎನ್ನುವುದನ್ನು ಫೋಟೋ ಮಾತ್ರ ಹೇಳುತ್ತದೆ. ಬೇರಿನ ತುದಿಯಲ್ಲಿ ಕೀವು ಇದೆಯಾ, ದವಡೆ ಹಲ್ಲಿನ ಎರಡು ಬೇರು ಕವಲೊಡೆಯುವಲ್ಲಿ ಎಲುಬು ಖಾಲಿಯಾಗಿದೆಯಾ, ವಸಡಿನ ಕೆಳಗೆ ಕಲ್ಲು ಕಟ್ಟಿದೆಯಾ, ಹಳೆಯ ಸಿಮೆಂಟಿನ ಅಂಚು ಹೊರಗೆ ಚಾಚಿ ಕಸ ಹಿಡಿಯುತ್ತಿದೆಯಾ. ಇವಕ್ಕೂ ಅದೇ ಬೇಕು. ಮೇಲಿನ ದವಡೆ ಹಲ್ಲಿಗೆ ಸಾಮಾನ್ಯವಾಗಿ ಮೂರು ಬೇರು, ಒಂದರ ಮೇಲೊಂದು ಬಿದ್ದು ಕಾಣುವುದರಿಂದ ಅಲ್ಲಿ ಫೋಟೋ ಕೂಡ ಒದ್ದಾಡುತ್ತದೆ.

ನಿರ್ವಾಹಕ

ಸಣ್ಣ ಸೂಚನೆ. ಇಬ್ಬರು ಎಕ್ಸ್‌ರೇ ಚಿತ್ರ ಹಾಕಿದ್ದರು, ತೆಗೆದಿದ್ದೇವೆ. ಮೂಲೆಯಲ್ಲಿ ರೋಗಿಯ ಹೆಸರು, ಫೈಲ್ ನಂಬರ್ ಇತ್ತು. ಕ್ಲಿನಿಕ್ ಹೆಸರು ಹಿಡಿದು ಬೈಯುವುದೂ ಬೇಡ.

ಶಹಾಪುರದ_ಮಾಸ್ತರ (ಯಾದಗಿರಿ ಜಿಲ್ಲೆ)

ನನಗೂ ಇದೇ ತೊಂದರೆ, ವಯಸ್ಸು 48. ರಿಪೋರ್ಟಿನಲ್ಲಿ "ಎಲುಬು ನಷ್ಟ ಶೇ. 33, ಸ್ಟೇಜ್ 2, ಗ್ರೇಡ್ ಸಿ" ಎಂದು ಬರೆದಿದ್ದಾರೆ. ಗ್ರೇಡ್ ಸಿ ಓದಿ ಮನೆಯವರು ಊಟ ಬಿಟ್ಟು ಕೂತಿದ್ದಾರೆ. ಗಣಿತ ಕಲಿಸುವವನು ನಾನು. ಈ ಶೇ. 33 ಎಲ್ಲಿಂದ ಬಂತು ಎಂದು ಯಾರಾದರೂ ಹೇಳಿದರೆ ಉಪಕಾರ. ಇನ್ನೊಂದು, ನಮ್ಮ ಕಡೆ ನೀರಲ್ಲಿ ಫ್ಲೋರೈಡ್ ಜಾಸ್ತಿ. ಅದರಿಂದಲೇ ಎಲುಬು ಹೋಗಿರಬಹುದಾ?

ವಸಡಿನ_ವೈದ್ಯೆ

ಮಾಸ್ತರ್, ಮೊದಲು ಮನೆಯವರಿಗೆ ಊಟ ಮಾಡಲು ಹೇಳಿ. ಸಿ ಎಂದರೆ ಕ್ಯಾನ್ಸರ್ ಅಲ್ಲ.

ಈ ಸ್ಟೇಜ್-ಗ್ರೇಡ್ ಪದ್ಧತಿ ಶುರುವಾದದ್ದು 2017ರಲ್ಲಿ, ಶಿಕಾಗೊದಲ್ಲಿ ಅಮೆರಿಕ ಮತ್ತು ಯುರೋಪಿನ ವಸಡು ತಜ್ಞರ ಸಂಘಗಳು ಸೇರಿ ನಡೆಸಿದ ಸಭೆಯಿಂದ. 2018ರಲ್ಲಿ ಪ್ರಕಟವಾಯಿತು. ಎಲುಬಿನ ನಷ್ಟ ಬೇರಿನ ಉದ್ದದ ಶೇ. 15ಕ್ಕಿಂತ ಕಡಿಮೆ ಇದ್ದರೆ ಸ್ಟೇಜ್ 1. ಶೇ. 15ರಿಂದ 33 ಸ್ಟೇಜ್ 2. ಬೇರಿನ ನಡುಭಾಗಕ್ಕೋ ಅದರಾಚೆಗೋ ಹೋದರೆ 3 ಅಥವಾ 4. ಇದರಲ್ಲಿ ಅತಿ ಕೆಟ್ಟ ಸ್ಥಿತಿಯ ಜಾಗವನ್ನು ಲೆಕ್ಕಕ್ಕೆ ಹಿಡಿಯುತ್ತೇವೆ. ಪಾಕೆಟ್ ಆಳ, ಈ ಕಾಯಿಲೆಯಿಂದ ಬಿದ್ದ ಹಲ್ಲುಗಳು ಎಲ್ಲ ಸೇರಿ ಸ್ಟೇಜ್ ಮೇಲೆ ಹೋಗಬಹುದು.

ಲೆಕ್ಕ ಹೀಗೆ. ಎನಾಮಲ್ ಮುಗಿಯುವ ಜಾಗದಿಂದ ಬೇರಿನ ತುದಿಗೆ 14 ಮಿಮೀ ಇದೆ ಎನ್ನೋಣ. ಎಲುಬಿನ ಅಂಚು 6 ಮಿಮೀ ಕೆಳಗಿದೆ. ಮೊದಲಿನ 2 ಮಿಮೀ ಎಲ್ಲರಿಗೂ ಇರುವಂಥದ್ದು, ಎರಡರಲ್ಲೂ ಕಳೆಯಿರಿ. 12ರಲ್ಲಿ 4. ಶೇ. 33 ಆಯಿತಲ್ಲ.

ಗ್ರೇಡ್ ಎನ್ನುವುದು ವೇಗದ ಲೆಕ್ಕ. ಹಳೆಯ ಫೋಟೋ ಇದ್ದರೆ ಅದೇ ಒಳ್ಳೆಯ ಸಾಕ್ಷಿ. 5 ವರ್ಷದಲ್ಲಿ 2 ಮಿಮೀ ಅಥವಾ ಅದಕ್ಕೂ ಜಾಸ್ತಿ ಇಳಿದಿದ್ದರೆ ಸಿ. ಹಳೆಯದು ಇಲ್ಲದಿದ್ದರೆ ನಷ್ಟದ ಶೇಕಡಾವನ್ನು ವಯಸ್ಸಿನಿಂದ ಭಾಗಿಸುತ್ತೇವೆ. 0.25ಕ್ಕಿಂತ ಕಡಿಮೆ ಎ, 1ರವರೆಗೆ ಬಿ, ಅದರ ಮೇಲೆ ಸಿ. ನಿಮ್ಮದು 33 ಭಾಗಿಸು 48, ಅಂದರೆ 0.69. ಬಿ ಆಗಬೇಕಿತ್ತು. ಶುಗರ್ ಇದೆಯಾ? ಸಿಗರೇಟು?

ಶಹಾಪುರದ_ಮಾಸ್ತರ

ಸಿಗರೇಟು ಇಲ್ಲ. ಎಚ್‌ಬಿಎ1ಸಿ 7.6.

ವಸಡಿನ_ವೈದ್ಯೆ

ಅದೇ ಕಾರಣ. ಸಕ್ಕರೆ ಕಾಯಿಲೆ ಇದ್ದು ಎಚ್‌ಬಿಎ1ಸಿ 7 ಅಥವಾ ಅದಕ್ಕೂ ಮೇಲಿದ್ದರೆ ಗ್ರೇಡ್ ಸಿಗೆ ಏರಿಸುತ್ತೇವೆ. ದಿನಕ್ಕೆ 10 ಸಿಗರೇಟು ಅಥವಾ ಜಾಸ್ತಿ ಸೇದುವವರಿಗೂ ಹಾಗೇ. ಶುಗರ್ ಹತೋಟಿಗೆ ಬಂದರೆ ವಸಡಿಗೂ ಒಳ್ಳೆಯದು. ವಸಡಿನ ಚಿಕಿತ್ಸೆಯಿಂದ ಶುಗರ್ ಕೂಡ ಸ್ವಲ್ಪ ಇಳಿಯುತ್ತದೆ.

ಫ್ಲೋರೈಡ್ ಬೇರೆ ಕಥೆ. ಕುಡಿಯುವ ನೀರಲ್ಲಿ ಲೀಟರಿಗೆ 1 ಮಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎಂದು ನಮ್ಮ ದೇಶದ ಮಾನದಂಡ. ಜಾಸ್ತಿಯಾದರೆ ಮಕ್ಕಳಲ್ಲಿ ಹಲ್ಲು ಇನ್ನೂ ದವಡೆಯೊಳಗೆ ತಯಾರಾಗುವಾಗಲೇ ಎನಾಮಲ್ ಕೆಡುತ್ತದೆ. ಬಿಳಿ ಮಚ್ಚೆ, ಕಂದು ಕಲೆ ಅದರದ್ದು. ಹಲ್ಲಿನ ಸುತ್ತ ಎಲುಬು ಕರಗಲು ಮುಖ್ಯ ಕಾರಣ ಬ್ಯಾಕ್ಟೀರಿಯಾ ತುಂಬಿದ ಪಾಚಿ, ಮತ್ತು ಅದರ ವಿರುದ್ಧ ನಮ್ಮ ದೇಹವೇ ಎಬ್ಬಿಸುವ ಉರಿ. ಕಂದು ಹಲ್ಲು ನೋಡಿ "ನೀರಿನಿಂದ ಹಲ್ಲು ಸಡಿಲ ಆಯಿತು" ಎಂದುಕೊಂಡು ಸುಮ್ನೆ ಕೂರುವವರು ನಮ್ಮ ಕಡೆ ಬಹಳ ಜನ.

ಬಿದರಿಕೆಲಸ (ಬೀದರ್)

ನಾನು ಎಕ್ಸ್‌ರೇ ತೆಗೆಯುವವನು. ಡಾಕ್ಟರ್ ಮೇಡಂ ಹೇಳಿದ್ದೆಲ್ಲ ಸರಿ. ಆದರೆ ಆರ್‌ವಿಜಿ ಬಗ್ಗೆ ಮಾತು ಸ್ವಲ್ಪ ಸಿಹಿಯಾಯಿತು. ಅದೂ ಮೋಸ ಮಾಡುತ್ತದೆ.

ಒಂದು, ಕೋನ. ಕಿರಣ ಮೇಲಿಂದ ಓರೆಯಾಗಿ ಬಿದ್ದರೆ ಹಲ್ಲು ಗಿಡ್ಡ ಆಗುತ್ತದೆ, ಇಲ್ಲವೇ ಉದ್ದ ಆಗುತ್ತದೆ. ಎಲುಬಿನ ಅಂಚೂ ಜಾಗ ಬದಲಿಸುತ್ತದೆ. ಇದ್ದ ಎಲುಬು ಹೋದಂತೆ ಕಾಣಬಹುದು, ಹೋದದ್ದು ಇದ್ದಂತೆಯೂ ಕಾಣಬಹುದು. ಸೆನ್ಸರ್ ಹಲ್ಲಿಗೆ ಸಮಾನಾಂತರವಾಗಿ ಇರಬೇಕು, ಕಿರಣ ನೆಟ್ಟಗೆ ಬೀಳಬೇಕು. ಅದಕ್ಕೆಂದೇ ಹೋಲ್ಡರ್ ಇದೆ, ಕೊನೆಯಲ್ಲಿ ರಿಂಗ್ ಇರುವುದು. ಗಡಿಬಿಡಿಯಲ್ಲಿ ರೋಗಿಯ ಬೆರಳಿಂದಲೇ ಸೆನ್ಸರ್ ಒತ್ತಿ ಹಿಡಿಸುವುದು ಎಷ್ಟೋ ಕಡೆ ರೂಢಿ. ಹಲ್ಲಿನ ಹುಳುಕು ನೋಡಲು ನಡೆದೀತು. ಎಲುಬು ಅಳೆಯಲು ನಡೆಯುವುದಿಲ್ಲ.

ಎರಡು, ಹಲ್ಲಿನ ಕುತ್ತಿಗೆಯ ಹತ್ತಿರ ಕಿರಣ ಸುಲಭವಾಗಿ ದಾಟಿ ಕಪ್ಪು ಪಟ್ಟಿ ಮೂಡುತ್ತದೆ. ಅನುಭವ ಇಲ್ಲದವರು ಹುಳುಕು ಎನ್ನುತ್ತಾರೆ. ಎಕ್ಸ್‌ಪೋಷರ್ ಜಾಸ್ತಿಯಾದರೆ ತೆಳುವಾದ ಎಲುಬಿನ ಅಂಚು ಸುಟ್ಟು ಮಾಯವಾಗುತ್ತದೆ. ಕೆಳಗಿನ ಮುಂದಿನ ಹಲ್ಲಿನ ನಡುವಿನ ಎಲುಬು ಮೊದಲೇ ತೆಳು ನೋಡಿ.

ಮೂರನೆಯದು ಸಾಫ್ಟ್‌ವೇರ್. ಬ್ರೈಟ್‌ನೆಸ್, ಕಾಂಟ್ರಾಸ್ಟ್ ತಿರುಗಿಸುವುದು ಒಳ್ಳೆಯ ಅನುಕೂಲ. ಫಿಲ್ಮಿನಲ್ಲಿ ಅದು ಇರಲಿಲ್ಲ. ಆದರೆ ಶಾರ್ಪ್ ಮಾಡುವ ಬಟನ್ ಒತ್ತಿದರೆ ಇಲ್ಲದ ಗೆರೆ ಎದ್ದು ಬರುತ್ತದೆ. ನಾನು ಮೊದಲು ಯಾವ ಫಿಲ್ಟರ್ ಇಲ್ಲದೆ ನೋಡಿ ಎನ್ನುತ್ತೇನೆ. ಬಣ್ಣ ಬಳಿಯುವ ಬಟನ್ ರೋಗಿಗೆ ತೋರಿಸಲು ಚಂದ, ಬೇರೆ ಉಪಯೋಗ ನನಗೆ ಕಂಡಿಲ್ಲ.

ಜೋಳದರೊಟ್ಟಿ ಅಕ್ಕಾ, ಮೊಬೈಲಿನಲ್ಲಿ ಪರದೆಯ ಫೋಟೋ ಹೊಡೆದುಕೊಂಡು ಬರಬೇಡಿ. ಮೂಲ ಫೈಲ್ ಕೇಳಿ. ವಾಟ್ಸಾಪಿನಲ್ಲಿ ಕಳಿಸಿದರೂ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಫೋಟೋ ಆಗಿ ಅಲ್ಲ. ಫೋಟೋ ಆಗಿ ಕಳಿಸಿದರೆ ಅದು ಚಿತ್ರವನ್ನು ಹಿಂಡಿಬಿಡುತ್ತದೆ.

ಬಿಸಿಲೂರು (ಕಲಬುರಗಿ)

ಮೊದಲು ಓಪಿಜಿ, ಆಮೇಲೆ ಆರ್‌ವಿಜಿ, ಆರು ತಿಂಗಳಿಗೆ ಮತ್ತೆ. ಇಷ್ಟು ಕಿರಣ ತಲೆಗೆ ಬಿದ್ದರೆ ಏನು ಗತಿ? ನಮ್ಮ ಕಾಕಾ ಇದೇ ಭಯಕ್ಕೆ ಫೋಟೋ ಬೇಡವೇ ಬೇಡ ಎಂದು ಕೂತಿದ್ದಾರೆ.

ಬಿದರಿಕೆಲಸ

ಕಾಕಾ ಅವರಿಗೆ ಈ ಲೆಕ್ಕ ಹೇಳಿ. ಒಂದು ಆರ್‌ವಿಜಿಗೆ ಸುಮಾರು 0.005 ಮಿಲಿಸೀವರ್ಟ್ (ವಿಕಿರಣ ಅಳೆಯುವ ಮಾನ), ಎಷ್ಟೋ ಸಲ ಅದಕ್ಕೂ ಕಡಿಮೆ. ಓಪಿಜಿಗೆ ಸುಮಾರು 0.01ರಿಂದ 0.025. ಮಣ್ಣು, ಕಲ್ಲು, ಆಕಾಶ, ಊಟದಿಂದ ನಮಗೆ ಸಹಜವಾಗಿ ಬರುವ ವಿಕಿರಣ ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ 2.4 ಮಿಲಿಸೀವರ್ಟ್. ಅಂದರೆ ಒಂದು ಆರ್‌ವಿಜಿ ಒಂದು ದಿನ ಸುಮ್ಮನೆ ಬದುಕಿದ್ದಕ್ಕಿಂತ ಜಾಸ್ತಿ ಅಲ್ಲ. 1896ರಲ್ಲಿ ಜರ್ಮನಿಯ ಓಟೊ ವಾಲ್ಕಾಫ್ ತನ್ನದೇ ಹಲ್ಲಿನ ಎಕ್ಸ್‌ರೇ ತೆಗೆಸಿಕೊಳ್ಳಲು 25 ನಿಮಿಷ ಮಲಗಿದ್ದ. 1987ರಲ್ಲಿ ಫ್ರಾನ್ಸಿನಿಂದ ಮೊದಲ ಆರ್‌ವಿಜಿ ಬಂತು. ಈಗ ಅರ್ಧ ಸೆಕೆಂಡೂ ಬೇಡ.

ಸಿಬಿಸಿಟಿ (ದವಡೆಯ 3ಡಿ ಸ್ಕ್ಯಾನ್) ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಅದರ ಡೋಸ್ ಮಷೀನು ಮತ್ತು ಜಾಗದ ಮೇಲೆ ಹೋಗುತ್ತದೆ, ಓಪಿಜಿಗಿಂತ ಎಷ್ಟೋ ಪಟ್ಟು ಆಗಬಹುದು. ಆಪರೇಷನ್ ಅಥವಾ ಇಂಪ್ಲಾಂಟ್ ಇದ್ದರೆ ಸರಿ. ಎಲ್ಲರಿಗೂ ಬೇಡ.

ಸೀಸದ ಏಪ್ರನ್ ಬಗ್ಗೆಯೂ ಕೇಳುತ್ತಾರೆ. ಅಮೆರಿಕದ ದಂತವೈದ್ಯರ ಸಂಘ 2024ರಲ್ಲಿ ಏಪ್ರನ್, ಕುತ್ತಿಗೆ ಪಟ್ಟಿ ಎರಡೂ ರೂಢಿಯಾಗಿ ಬೇಕಿಲ್ಲ ಎಂದಿತು. ಕಿರಣವನ್ನು ಬೇಕಾದ ಜಾಗಕ್ಕೆ ಮಾತ್ರ ಬೀಳಿಸುವುದು ಮುಖ್ಯ ಎನ್ನುವುದು ಅವರ ವಾದ. ನಮ್ಮಲ್ಲಿ ಹಾಕಿದರೆ ಬೇಡ ಎನ್ನಬೇಕಾಗಿಲ್ಲ. ಕೇಳಲೇಬೇಕಾದ್ದು ಬೇರೆ ಇದೆ, ಮಷೀನಿಗೆ ಎಇಆರ್‌ಬಿ ಅನುಮತಿ ಇದೆಯಾ ಅಂತ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದ್ದು. ಹಲ್ಲಿನ ಎಕ್ಸ್‌ರೇಗೂ ಅದು ಬೇಕು.

ಬಿಸಿಲೂರು

ಹೇಳುತ್ತೇನೆ. ಕಾಕಾ ದಿನಾ ಬೀಡಿ ಸೇದುತ್ತಾರೆ, ಕಿರಣಕ್ಕೆ ಹೆದರುತ್ತಾರೆ. "ನನ್ನ ವಸಡಲ್ಲಿ ಒಂದು ಹನಿ ರಕ್ತ ಬರಲ್ಲ, ಗಟ್ಟಿ ಇದ್ದೀನಿ" ಎನ್ನುವುದು ಬೇರೆ.

ವಸಡಿನ_ವೈದ್ಯೆ

ಅದೇ ಅಪಾಯ. ಸೇದುವವರಲ್ಲಿ ವಸಡಿನಿಂದ ರಕ್ತ ಕಡಿಮೆ ಬರುತ್ತದೆ. ಕಾಯಿಲೆ ಒಳಗೇ ನಡೆದಿರುತ್ತದೆ, ಹೊರಗೆ ಸುಳಿವು ಸಿಗುವುದಿಲ್ಲ. ಫೋಟೋ ನಿಜವಾಗಿ ಬೇಕಾಗಿರುವುದು ಅಂಥವರಿಗೇ. ಕರೆದುಕೊಂಡು ಬನ್ನಿ.

ತೊಗರಿಹೊಲ

ಈಗ ಎಐ ಬಂದಿದೆಯಂತಲ್ಲ, ಕಂಪ್ಯೂಟರೇ ಎಲುಬಿನ ಮೇಲೆ ಕೆಂಪು ಗೆರೆ ಎಳೆದು ಇಷ್ಟು ಮಿಮೀ ಎಂದು ಹೇಳುತ್ತದೆ. ಡಾಕ್ಟರು ಯಾಕೆ ಬೇಕು ಇನ್ನು?

ಬಿದರಿಕೆಲಸ

ಬಂದಿದೆ. ಓವರ್‌ಜೆಟ್ ಎಂಬ ಸಾಫ್ಟ್‌ವೇರಿಗೆ 2021ರಲ್ಲೇ ಅಮೆರಿಕದ ಔಷಧ-ಉಪಕರಣ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟಿದೆ. ಆದರೆ ಓರೆಯಾಗಿ ತೆಗೆದ ಫೋಟೋ ಕೊಟ್ಟರೆ ಅದು ಓರೆ ಎಲುಬನ್ನೇ ಬಹಳ ಕರಾರುವಾಕ್ಕಾಗಿ ಅಳೆದು ಕೊಡುತ್ತದೆ. ದಶಾಂಶ ಸಮೇತ.

ಶಹಾಪುರದ_ಮಾಸ್ತರ

ಯಾದಗಿರಿ ಕಡೆಯವರು ಈ ಚಾರ್ಟ್, ಆರ್‌ವಿಜಿ ಎಲ್ಲ ಒಂದೇ ಕಡೆ ಆಗಬೇಕೆಂದರೆ ಎಲ್ಲಿಗೆ ಹೋಗಬೇಕು? ನಾನು ರಾಯಚೂರಿಗೆ ಹೋಗಿದ್ದೆ.

ವಸಡಿನ_ವೈದ್ಯೆ

ದಂತ ಕಾಲೇಜು ಯಾವುದಾದರೂ ನಡೆಯುತ್ತದೆ. ಕಲಬುರಗಿಯಲ್ಲಿ ಎಸ್. ನಿಜಲಿಂಗಪ್ಪ ದಂತ ಕಾಲೇಜು ಇದೆ, ಅಲ್-ಬದರ್ ಇದೆ. ಬೀದರಿನಲ್ಲಿ ಎಸ್.ಬಿ. ಪಾಟೀಲ ದಂತ ಕಾಲೇಜು. ಕಾಯಬೇಕಾಗುತ್ತದೆ, ಆದರೆ ಖರ್ಚು ಕಡಿಮೆ. ವಸಡಿನ ವಿಭಾಗ ಬೇರೆಯೇ ಇರುತ್ತದೆ, ಅಲ್ಲಿಗೇ ಕೇಳಿಕೊಂಡು ಹೋಗಿ. ಹಳೆಯ ಫೋಟೋ ಏನಿದ್ದರೂ ಜೊತೆಗಿರಲಿ, ಎಷ್ಟೇ ಹಳೆಯದಾಗಿರಲಿ.

ಜೋಳದರೊಟ್ಟಿ

ಎಲ್ಲರಿಗೂ ಶರಣು. ಚಾರ್ಟ್ ಆಯಿತು, ಹೇಳಿಬಿಡುತ್ತೇನೆ.

ನಡುವಿನ ಎರಡು ಹಲ್ಲಿನ ಸುತ್ತ 8, 9 ಮಿಮೀ ಪಾಕೆಟ್. ಹೋಲ್ಡರ್ ಹಾಕಿ ಮತ್ತೆ ಆರ್‌ವಿಜಿ ತೆಗೆದರು. ಆ ಎರಡರಲ್ಲಿ ಒಂದಕ್ಕೆ ಬೇರಿನ ತುದಿಯಲ್ಲಷ್ಟೇ ಎಲುಬು ಉಳಿದಿದೆ. ಅದನ್ನು ತೆಗೆಯಲೇಬೇಕು ಎಂದರು. ಮೊದಲಿನ ಡಾಕ್ಟರು ಪೂರ್ತಿ ತಪ್ಪು ಹೇಳಿರಲಿಲ್ಲ ಹಾಗಾದರೆ. ಅದರ ಪಕ್ಕದ್ದು ಅನುಮಾನ. ಉಳಿದ ನಾಲ್ಕಕ್ಕೆ ಅರ್ಧಕ್ಕಿಂತ ಜಾಸ್ತಿ ಎಲುಬು ಇದೆಯಂತೆ, ಪಾಕೆಟ್ 5 ಮಿಮೀ. ವಸಡಿನ ಕೆಳಗೂ ಕ್ಲೀನ್ ಮಾಡಿ, ಹಿಂದಿನಿಂದ ಸಣ್ಣ ತಂತಿ ಕಟ್ಟುತ್ತಾರೆ. ಅವ್ವನಿಗೆ ಸೆನ್ಸರ್ ನಾಲಿಗೆ ಕೆಳಗೆ ಒತ್ತಿ ಕಣ್ಣಲ್ಲಿ ನೀರು ಬಂತು, ಆದರೂ ಕೂತಳು. ಎಲೆ-ಅಡಿಕೆ ಚೀಲ ಮಾತ್ರ ಇನ್ನೂ ಸೊಂಟದಲ್ಲೇ ಇದೆ.

ಕ್ಲೀನ್ ಮಾಡಿದ ಮೇಲೆ ಎಲುಬು ಬೆಳೆದಿದೆಯಾ ಎಂದು ಮುಂದಿನ ತಿಂಗಳೇ ಫೋಟೋ ತೆಗೆಸಬಹುದಾ?

ವಸಡಿನ_ವೈದ್ಯೆ

ಬೇಡ. ಒಂದೂವರೆ ಎರಡು ತಿಂಗಳಿಗೆ ಕಡ್ಡಿಯಿಂದ ಮತ್ತೆ ಅಳೆಯುತ್ತಾರೆ. ವಸಡು ಬಿಗಿಯಾಗಿ ಪಾಕೆಟ್ ಕಡಿಮೆಯಾಗುವುದು ಆಗಲೇ ಗೊತ್ತಾಗುತ್ತದೆ. ಎಲುಬು ನಿಧಾನ. ಆರು ತಿಂಗಳಿಂದ ವರ್ಷ ಆಗದೆ ಫೋಟೋದಲ್ಲಿ ಹೇಳಿಕೊಳ್ಳುವಂಥದ್ದು ಕಾಣುವುದಿಲ್ಲ. ಕ್ಲೀನಿಂಗ್‌ನಿಂದ ಎಲುಬು ಮತ್ತೆ ಬೆಳೆಯುತ್ತದೆ ಎಂದು ಅವ್ವನಿಗೆ ಆಸೆ ಹಚ್ಚಬೇಡಿ. ಇಳಿಯುವುದು ನಿಂತರೆ ಗೆದ್ದ ಹಾಗೆ.

ಬಿದರಿಕೆಲಸ

ವರ್ಷದ ಮೇಲೆ ತೆಗೆಯುವಾಗ ಅದೇ ಹೋಲ್ಡರ್, ಅದೇ ಸೆಟ್ಟಿಂಗ್ ಇರಲಿ. ಇಲ್ಲದಿದ್ದರೆ ಕೋನ ಬದಲಾದದ್ದನ್ನೇ ಎಲುಬು ಬದಲಾಯಿತು ಎಂದು ಓದಿಬಿಡುತ್ತಾರೆ. ಈಗಿನ ಫೈಲ್ ಕೈಯಲ್ಲಿದೆಯಾ?

ಜೋಳದರೊಟ್ಟಿ

ಪೆನ್‌ಡ್ರೈವಿನಲ್ಲಿ ಹಾಕಿಸಿಕೊಂಡೆ ಅಣ್ಣಾ. ಸೆಟ್ಟಿಂಗ್ ಫೈಲಿನ ಮೇಲೆ ಬರೆದುಕೊಟ್ಟಿದ್ದಾರೆ.

ಬಿಸಿಲೂರು

ಕಾಕಾ ಒಪ್ಪಿದರು. ಸೋಮವಾರ ಕರೆದುಕೊಂಡು ಹೋಗುತ್ತಿದ್ದೇನೆ. ಅವರ ಎರಡು ದವಡೆ ಹಲ್ಲಿಗೆ ಕ್ಯಾಪ್ ಇದೆ, ಫೋಟೋದಲ್ಲಿ ಕಾಣುತ್ತದಾ?

ಬಿದರಿಕೆಲಸ

ಎಲುಬು ಕಾಣುತ್ತದೆ. ಎನಾಮಲ್ ಮುಗಿಯುವ ಜಾಗ ಕ್ಯಾಪಿನೊಳಗೆ ಮುಚ್ಚಿರುತ್ತದೆ, ಹಾಗಾಗಿ ಕ್ಯಾಪಿನ ಅಂಚಿನಿಂದ ಅಳೆಯುತ್ತಾರೆ. ಹಿಂದಿನ ಹಲ್ಲಿಗೆ ಬೈಟ್‌ವಿಂಗ್ (ಹಲ್ಲು ಕಚ್ಚಿ ತೆಗೆಯುವ ಎಕ್ಸ್‌ರೇ) ತೆಗೆಯಲು ಕೇಳಿ, ಸೆನ್ಸರ್ ಉದ್ದಕ್ಕೆ ನಿಲ್ಲಿಸಿ. ಮೇಲಿನ, ಕೆಳಗಿನ ಎರಡೂ ಎಲುಬಿನ ಅಂಚು ಒಂದರಲ್ಲೇ ಬರುತ್ತವೆ.